ಡ್ರಾಮಾ ಪಂಡಿತ

ಸಿಯೋಲ್‌ನ ಯಾವುದೇ ಇಂಗ್ಲಿಷ್ ಟ್ಯೂಷನ್ ಸೆಂಟರಿಗೆ ಹೋಗಿ, ಈತ ಸಿಕ್ಕೇ ಸಿಗುತ್ತಾನೆ. ಊರು ಅಮೆರಿಕವೋ ಕೆನಡವೋ ಇರಬೇಕು. ಕೈಯಲ್ಲಿ ಮೇಷ್ಟ್ರುಗಳಿಗೆ ಕೊಡುವ ಇ-2 ವೀಸಾ. ಕೊರಿಯನ್ ಕಲಿತದ್ದು ಮಾತ್ರ ಸೋಫಾದ ಮೇಲೆ ಬಿದ್ದುಕೊಂಡು, ಧಾರಾವಾಹಿಗಳ ಸಬ್‌ಟೈಟಲ್ ಓದುತ್ತ.

ಲಿಪಿಯ ಮಟ್ಟಿಗೆ ಆಸಾಮಿ ಗಟ್ಟಿಗ. ಸೆಜೊಂಗ್ ದೊರೆ 1446ರಲ್ಲಿ ಪ್ರಜೆಗಳ ಕೈಗಿತ್ತ ಹಂಗುಲ್‌ನಲ್ಲಿ ಈಗ ಬಳಕೆಯಲ್ಲಿರುವ ಮೂಲಾಕ್ಷರ 24. ಅಷ್ಟನ್ನೂ ಕರಗತ ಮಾಡಿಕೊಂಡು ಬಸ್ಸಿನ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದುತ್ತಾನೆ. ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ.

ತೊಂದರೆ ಶುರುವಾಗುವುದು ಬಾಯಿ ಬಿಟ್ಟಾಗ. ನಾಯಕಿ ಸಾವಿರ ಸಲ ‘ಒಪ್ಪಾ’ ಅಂದದ್ದನ್ನು ಕೇಳಿದ್ದಾನಲ್ಲ, ತನಗಿಂತ ಹಿರಿಯ ಸಹೋದ್ಯೋಗಿಯನ್ನು ಪ್ರೀತಿಯಿಂದ ‘ಒಪ್ಪಾ’ ಎಂದೇ ಕರೆಯುತ್ತಾನೆ. ಆ ಮಾತು ಹೆಣ್ಣುಮಕ್ಕಳು ಅಣ್ಣನಿಗೋ ಅಣ್ಣನಂಥವನಿಗೋ ಹೇಳುವುದು; ಗಂಡಸಾದವನು ‘ಹ್ಯೊಂಗ್’ ಅನ್ನಬೇಕು. ಸ್ಟಾಫ್ ರೂಮಿನಲ್ಲಿ ನಗು ತಡೆದುಕೊಳ್ಳಲಾಗದೆ ಇಬ್ಬರು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಾರೆ.

ಮರುದಿನ ನಿಘಂಟು ತೆರೆದು ‘ನೀವು’ ಎಂಬುದಕ್ಕೆ ‘ತಂಗ್‌ಶಿನ್’ ಎಂದು ಗುರುತು ಹಾಕಿಕೊಂಡು, ಸೀದಾ ಪ್ರಿನ್ಸಿಪಾಲರ ಮೇಲೆ ಪ್ರಯೋಗಿಸುತ್ತಾನೆ. ಎದುರಾಎದುರು ಆ ಪದ ಹೆಚ್ಚಾಗಿ ಬಳಕೆಯಾಗುವುದು ಗಂಡ-ಹೆಂಡಿರ ನಡುವೆ, ಇಲ್ಲವೇ ನಡುರಸ್ತೆಯ ಜಗಳದಲ್ಲಿ. ಇವೆರಡರಲ್ಲಿ ಯಾವುದೆಂದು ತೋಚದೆ ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಯಾರು ಪರಿಚಯವಾದರೂ ಮೊದಲು ವಯಸ್ಸು ಕೇಳುತ್ತಾರೆಂದು ಇವನಿಗೆ ಸಿಟ್ಟು. ವಯಸ್ಸು ಗೊತ್ತಾಗದೆ ಬಹುವಚನವೋ ಏಕವಚನವೋ ಎಂದು ಅವರಾದರೂ ಹೇಗೆ ತೀರ್ಮಾನಿಸಬೇಕು? 2023ರ ಜೂನ್ 28ರಿಂದ ಸರ್ಕಾರ ಅಂತರರಾಷ್ಟ್ರೀಯ ಲೆಕ್ಕವನ್ನೇ ಖಾಯಂ ಮಾಡಿದ್ದರಿಂದ ಕಾಗದದ ಮೇಲೆ ಇಡೀ ದೇಶದ ವಯಸ್ಸು ಒಂದೆರಡು ವರ್ಷ ಇಳಿಯಿತು. ವಯಸ್ಸು ಕೇಳುವುದು ಮಾತ್ರ ನಿಲ್ಲಲಿಲ್ಲ.

ಹೋಟೆಲಿನಲ್ಲಿ ಇನ್ನೊಂದು ಗೊಂದಲ. ಗಿರಾಕಿಗಳೆಲ್ಲ ಊಟ ಬಡಿಸುವಾಕೆಯನ್ನು ‘ಇಮೊ’, ಅಂದರೆ ತಾಯಿಯ ಸೋದರಿ, ಎಂದು ಕರೆಯುವುದನ್ನು ಕೇಳಿ, ‘ಎಷ್ಟು ದೊಡ್ಡ ಕುಟುಂಬ!’ ಎಂದು ಬೆರಗಾಗುತ್ತಾನೆ. ಪಕ್ಕದ ಮೇಜಿನ ಹೆಂಗಸು ‘ಉರಿ ನಂಪ್ಯೊನ್’, ನಮ್ಮ ಗಂಡ, ಅಂದಾಗಲಂತೂ ಆ ಗಂಡನಿಗೆ ಪಾಲುದಾರರೆಷ್ಟು ಎಂದು ಮನಸ್ಸಿನಲ್ಲೇ ಎಣಿಸುತ್ತಾನೆ. ತರಕಾರಿಯವಳನ್ನು ಅಕ್ಕ ಎನ್ನುವ, ಒಬ್ಬನೇ ಮಗನಾದರೂ ‘ನಮ್ಮಮ್ಮ’ ಎನ್ನುವ ಕನ್ನಡಿಗನಾಗಿದ್ದರೆ ಸುಮ್ಮನೆ ಊಟ ಮುಂದುವರಿಸುತ್ತಿದ್ದ.

ಅಷ್ಟರಲ್ಲಿ ಮೂಲೆಯ ಮುದುಕರೊಬ್ಬರು ಸೂಪು ಹೀರಿ ‘ಶಿವೊನ್‌ಹದ!’ ಎನ್ನುತ್ತಾರೆ. ಪದದ ಅರ್ಥ ‘ತಂಪಾಗಿದೆ’ ಎಂದು ಇವನಿಗೆ ಗೊತ್ತು. ಬಿಸಿ ಸೂಪು ಗಂಟಲಿಳಿದು ಎದೆ ಹಗುರಾದಾಗಲೂ ಹಾಗೇ ಅನ್ನುತ್ತಾರೆಂದು ಗೊತ್ತಿಲ್ಲ. ದೊಡ್ಡ ಗುಟುಕು ಎಳೆದು ನಾಲಗೆ ಸುಟ್ಟುಕೊಳ್ಳುತ್ತಾನೆ. ಅಯ್ಯೋ ಪಾಪವೆಂದು ಇಮೊ ತಣ್ಣನೆಯ ಕೋಲಾ ತಂದಿಟ್ಟು ‘ಸರ್ವಿಸ್’ ಎನ್ನುತ್ತಾಳೆ. ಬಿಲ್ಲಿಗೆ ಸೇವಾಶುಲ್ಕ ಸೇರಿಸಿದಳೆಂದು ಇವನು ವಾದಕ್ಕಿಳಿಯುತ್ತಾನೆ. ಅಲ್ಲಿ ‘ಸರ್ವಿಸ್’ ಅಂದರೆ ಪುಕ್ಕಟೆ!

ಕೊರಿಯನ್ನರ ಬಾಯಲ್ಲಿ ಪಳಗಿದ ಇಂಗ್ಲಿಷ್ ಇವನಿಗೆ ಕೊರಿಯನ್‌ಗಿಂತ ಕಷ್ಟ. ‘ಶಭಾಷ್, ಬಿಡಬೇಡ’ ಎಂದು ಹುರಿದುಂಬಿಸುವ ‘ಫೈಟಿಂಗ್’ ಪದ 2021ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಹೊಸ್ತಿಲನ್ನೂ ದಾಟಿತು. ಇವನು ಮಾತ್ರ, ಮಕ್ಕಳು ಹಾಗೆ ಕೂಗಿದರೆ ಹೊಡೆದಾಟ ಬಿಡಿಸಲು ಓಡುತ್ತಾನೆ. ಪರೀಕ್ಷೆಯಲ್ಲಿ ನಕಲು ಮಾಡುವುದಕ್ಕೆ ಅಲ್ಲಿ ‘ಕನ್ನಿಂಗ್’ ಎನ್ನುತ್ತಾರೆ. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು, ‘ಟೀಚರ್, ಇವನು ಕನ್ನಿಂಗ್’ ಎಂದು ದೂರಿದಳು. ‘ಬೇರೆಯವರ ಸ್ವಭಾವದ ಬಗ್ಗೆ ಹಾಗೆಲ್ಲ ಮಾತಾಡಬಾರದಮ್ಮ’ ಎಂದು ಬುದ್ಧಿ ಹೇಳಿ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. ಹುಡುಗ ಉಳಿದ ನಾಲ್ಕು ಉತ್ತರಗಳನ್ನೂ ನಿರಾತಂಕವಾಗಿ ಇಳಿಸಿಕೊಂಡ.