ಎರಡನೇ ತಲೆ

ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ. ನಮ್ಮ ಅಪಾರ್ಟ್‌ಮೆಂಟಿನವರು ಗಾದೆಯನ್ನೂ ಮೀರಿಸಿದವರು. ಸುಂಕದವನು ಇನ್ನೂ ಬಂದೇ ಇರಲಿಲ್ಲ, ಆಗಲೇ ದುಃಖ ಹೇಳಿಕೊಳ್ಳಲು ಸಭೆ ಸೇರಿಬಿಟ್ಟೆವು.

ಹೊರವರ್ತುಲ ರಸ್ತೆಯಲ್ಲಿ ಒಬ್ಬರೇ ಕೂತು ಹೋಗುವ ಕಾರಿಗೆ ದಟ್ಟಣೆ ತೆರಿಗೆ ಹಾಕುವ ಯೋಚನೆ ಇದೆಯಂತೆ ಅಂತ 2025ರಲ್ಲಿ ಪೇಪರಿನಲ್ಲಿ ಬಂದಿತ್ತು. ಮಾರತ್ತಹಳ್ಳಿಯ ನಮಗೆ ಆ ರಸ್ತೆ ಮನೆಯ ಅಂಗಳವಿದ್ದ ಹಾಗೆ. ದಾಟಲು ಒಂದೂವರೆ ಗಂಟೆ ಹಿಡಿಯುತ್ತದೆ, ಅಷ್ಟೆ. ಭಾನುವಾರ ಬೆಳಿಗ್ಗೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಸಭೆ ಇಟ್ಟರು. ಕುರ್ಚಿ ಹಾಕಲು ಜಾಗವಿಲ್ಲ ಅಂತ ಆರು ಕಾರು ತೆಗೆದು ಗೇಟಿನಾಚೆ ನಿಲ್ಲಿಸಿದೆವು. ಐದೇ ನಿಮಿಷದಲ್ಲಿ ರಸ್ತೆ ಕಟ್ಟಿಕೊಂಡಿತು. ನೀರಿನ ಟ್ಯಾಂಕರಿನವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ದಟ್ಟಣೆಯ ಬಗ್ಗೆ ಕರೆದ ಸಭೆಯ ಮೊದಲ ಅರ್ಧ ಗಂಟೆ ಆ ದಟ್ಟಣೆಯನ್ನು ಬಿಡಿಸುವುದರಲ್ಲೇ ಕಳೆಯಿತು.

"ಕಾರು ತಗೊಂಡಾಗ ರೋಡ್ ಟ್ಯಾಕ್ಸ್ ಕಟ್ಟಿದೀವಿ. ಪೆಟ್ರೋಲ್ ಹಾಕಿಸಿದಾಗಲೂ ಕಟ್ತೀವಿ. ಗುಂಡಿಗೆ ಬಿದ್ದು ಸೊಂಟ ಉಳುಕಿದಾಗ ಡಾಕ್ಟರಿಗೆ ಕೊಟ್ಟಿದ್ದು ಯಾವ ಟ್ಯಾಕ್ಸ್ ಸ್ವಾಮಿ?" ಅಂತ ಕಾರ್ಯದರ್ಶಿಗಳು ಶುರು ಮಾಡಿದರು. ಚಪ್ಪಾಳೆ ಬಿತ್ತು. ತೆರಿಗೆ ಹಾಕುವುದಾದರೆ ಬೈಕಿನವರ ಮೇಲೆ ಹಾಕಲಿ, ಸಂದಿಗೊಂದಿಯಲ್ಲಿ ನುಗ್ಗುವವರು ಅವರೇ ಅಂತ ಕಾರಿನವರೊಬ್ಬರು ಅಂದರು. ಬೈಕಿನ ಹುಡುಗ ಆಟೋ ಕಡೆ ಬೆರಳು ತೋರಿಸಿದ. ಆಟೋ ಬೇಕೇ ಬೇಕು, ಟೆಂಪೊ ಟ್ರಾವೆಲರುಗಳದೇ ಕಾಟ ಅಂತ ಇನ್ನೊಬ್ಬರು. ಒಟ್ಟಿನಲ್ಲಿ ದಟ್ಟಣೆ ತೆರಿಗೆ ಬೇಕು ಅನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಕಟ್ಟುವವರು ಯಾರು ಅನ್ನುವುದು ಮಾತ್ರ ಬಾಕಿ ಉಳಿಯಿತು.

ನಾನು ಸುಮ್ಮನಿರಬಹುದಿತ್ತು. ಆದರೆ ಓದಿಕೊಂಡು ಬಂದಿದ್ದೆ. ಸುಂಕ ನಮಗೆ ಹೊಸದೇನಲ್ಲ, ಹನ್ನೆರಡನೇ ಶತಮಾನದಲ್ಲೇ ಸುಂಕದ ಬಂಕಣ್ಣ ಅಂತ ಒಬ್ಬ ವಚನಕಾರನಿದ್ದ, ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಈಗಲೂ ಇದೆ ಅಂದೆ. ಅಲ್ಲಿಂದ ಸಿಂಗಪುರಕ್ಕೆ ಹಾರಿದೆ: 1975ರಲ್ಲೇ ಊರ ನಡುವೆ ಕಾರು ತರುವವರ ಹತ್ತಿರ ದುಡ್ಡು ಕೇಳಿದವರು ಅವರು. 2003ರಲ್ಲಿ ಲಂಡನ್ನಿನವರು ದಿನಕ್ಕೆ 5 ಪೌಂಡ್ ಅಂತ ಶುರು ಮಾಡಿದರು ಅಂತ ಹೇಳುವಷ್ಟರಲ್ಲಿ ನಾಲ್ಕನೇ ಮಹಡಿಯ ರಾಯರು ಕೈ ಎತ್ತಿದರು. ಅಂಚೆ ಇಲಾಖೆಯಿಂದ ನಿವೃತ್ತರು. ಪೇಪರನ್ನು ಜಾಹೀರಾತು ಸಮೇತ ಓದುತ್ತಾರೆ.

"ಏನ್ರೀ, 2022ರಲ್ಲಿ ಟಾಮ್‌ಟಾಮ್‌ನವರು ಲೋಕದಲ್ಲೇ ನಿಧಾನದ ಊರುಗಳ ಪಟ್ಟಿ ಮಾಡಿದ್ರಲ್ಲ, ಬೆಂಗಳೂರು ಎಷ್ಟನೇದು?"

"ಎರಡನೇದು. ಊರ ನಡುವೆ 10 ಕಿಲೋಮೀಟರಿಗೆ 29 ನಿಮಿಷ."

"ಮೊದಲನೇದು?"

"...ಲಂಡನ್."

ಆಮೇಲೆ ನನ್ನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಸ್ಟಾಕ್‌ಹೋಮಿನ ಕತೆ ಬಾಯಲ್ಲೇ ಉಳಿಯಿತು. ನಿಜಕ್ಕೂ ಹೇಳಬೇಕಾಗಿದ್ದದ್ದು ಅದೇ. ಅಲ್ಲಿ 2005ರಲ್ಲಿ ಮೊದಲು ಬಸ್ಸು ಹೆಚ್ಚಿಸಿದರು. 2006ರಲ್ಲಿ ಏಳು ತಿಂಗಳು ತೆರಿಗೆಯ ರುಚಿ ತೋರಿಸಿ ನಿಲ್ಲಿಸಿದರು, ಆಮೇಲೆ ಬೇಕೋ ಬೇಡವೋ ಅಂತ ಜನರ ಮತ ಕೇಳಿದರು. ಮೊದಲು ಬೈದ ಊರೇ ಬೇಕು ಅಂದಿತು. ಊಟ ಬಡಿಸಿ ಆಮೇಲೆ ಬಿಲ್ಲು ಕೊಟ್ಟ ಹಾಗೆ. ನಮ್ಮಲ್ಲಿ ಎಲೆ ಹಾಕುವ ಮೊದಲೇ ಬಿಲ್ಲಿನ ಮಾತು ಅಂತ ನನ್ನ ತಕರಾರು.

ಹೋದ ಮಾನ ಉಳಿಸಿಕೊಳ್ಳಲು ಜಕಾರ್ತಾದ ಸಂಗತಿ ತೆಗೆದೆ. ಅಲ್ಲಿ ಕೆಲವು ರಸ್ತೆಗಳಲ್ಲಿ ಬೆಳಿಗ್ಗೆ ಸಂಜೆ ಕಾರಿನಲ್ಲಿ ಮೂವರಿರಲೇಬೇಕು ಅಂತ ಕಾನೂನಿತ್ತು. ಜನ ಏನು ಮಾಡಿದರು? ರಸ್ತೆ ಬದಿಯಲ್ಲಿ ಬಾಡಿಗೆಗೆ ಕೂರುವವರು ಸಾಲಾಗಿ ನಿಂತರು. ಕಂಕುಳಲ್ಲಿ ಕೂಸಿದ್ದವರಿಗೆ ಬೇಡಿಕೆ ಜಾಸ್ತಿ, ಒಂದೇ ಸಲಕ್ಕೆ ಎರಡು ತಲೆ ಲೆಕ್ಕಕ್ಕೆ ಸಿಗುತ್ತಿತ್ತಲ್ಲ. 2016ರಲ್ಲಿ ಸರ್ಕಾರವೇ ಕೈಮುಗಿದು ಕಾನೂನು ತೆಗೆಯಿತು.

ಸಭೆಯಲ್ಲಿ ಸದ್ದು ಅಡಗಿತು. ಹಿಂದಿನ ಸಾಲಿನ ನಿವೃತ್ತರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತರು. ಮಗ ಸೊಸೆ ಆಫೀಸಿಗೆ ಹೋದಮೇಲೆ ಕೊರಿಯರ್ ಇಸಿದುಕೊಳ್ಳುವುದೊಂದೇ ಕೆಲಸವಾಗಿದ್ದವರಿಗೆ ಏಕಾಏಕಿ ಬೆಲೆ ಬಂದಿತ್ತು. "ಬೆಳಿಗ್ಗೆ ಎಂಟೂವರೆಗೆ ನಾನು ಖಾಲಿ" ಅಂತ ರಾಯರು ಅಲ್ಲೇ ನನ್ನ ಹತ್ತಿರ ಬುಕಿಂಗ್ ಮಾಡಿಸಿಕೊಂಡರು.

ಮನೆಗೆ ಬಂದು ಹೇಳಿದರೆ ನನ್ನಾಕೆ ನಕ್ಕಳು. ಅವಳ ಆಫೀಸು ಅಗರದಲ್ಲಿ, ನನ್ನದು ಸಿಲ್ಕ್ ಬೋರ್ಡಿನ ಆಚೆ. ದಾರಿ ಒಂದೇ, ಆದರೂ ಕಾರು ಹತ್ತುವುದಿಲ್ಲ. "ನಿಮ್ಮ ಜೊತೆ ಬಂದರೆ ಸಿಗ್ನಲ್ಲಿಗೊಂದು ಭಾಷಣ ಕೇಳಬೇಕು" ಅನ್ನುತ್ತಾಳೆ. 500ಡಿ ಬಸ್ಸಿನಲ್ಲಿ ಹೋಗುತ್ತಾಳೆ. 2023ರ ಜೂನಿನಿಂದ ಹೆಂಗಸರಿಗೆ ಟಿಕೆಟ್ಟು ಸೊನ್ನೆ. 2019ರಲ್ಲಿ ಇದೇ ರಸ್ತೆಯಲ್ಲಿ ಗೂಟ ನೆಟ್ಟು ಬಸ್ಸಿಗೇ ಅಂತ ಒಂದು ಸಾಲು ಬಿಟ್ಟಿದ್ದರು. ಆಗ ಅವಳು ಮನೆಗೆ ಬಂದು ಸಾಂಬಾರು ಇಳಿಸಿದಮೇಲೆ ನಾನು ಗೇಟಿಗೆ ಬರುತ್ತಿದ್ದೆ. ಮೆಟ್ರೊ ಕಾಮಗಾರಿ ಶುರುವಾಗಿ ಆ ಸಾಲು ಹೋಯಿತು. ನಾನು ಒಳಗೊಳಗೇ ಖುಷಿಪಟ್ಟಿದ್ದು ಅವಳಿಗೆ ಇನ್ನೂ ಗೊತ್ತಿಲ್ಲ.

ಸೋಮವಾರ ಎಂಟೂವರೆಗೆ ಇಳಿದರೆ ರಾಯರು ಗೇಟಿನ ಹತ್ತಿರ ನಿಂತಿದ್ದಾರೆ. ಇಸ್ತ್ರಿ ಅಂಗಿ, ಪಾಲಿಶ್ ಮಾಡಿದ ಶೂ, ಕೈಯಲ್ಲಿ ಕೊಡೆ.

"ರಾಯರೇ, ತೆರಿಗೆ ಇನ್ನೂ ಬಂದಿಲ್ಲ!"

"ಬರಲಿ ಬಿಡ್ರಿ. ಅಲ್ಲೀತನಕ ಅಭ್ಯಾಸ ಆಗುತ್ತೆ" ಅಂತ ಬಾಗಿಲು ತೆಗೆದು ಕೂತೇಬಿಟ್ಟರು.

ಇಬ್ಬಲೂರಿನ ಹತ್ತಿರ ಎಂದಿನಂತೆ ನಿಂತೆವು. ಒಬ್ಬ ಹುಡುಗ ಕಾರು ಒರೆಸುವ ಬಟ್ಟೆ ಮಾರುತ್ತ ಮೂರು ಸಲ ಬಂದ. ಮೂರನೇ ಸಲ ಬಟ್ಟೆ ತೋರಿಸಲಿಲ್ಲ, ಸುಮ್ಮನೆ ನಕ್ಕು ಹೋದ. ಅಷ್ಟರಲ್ಲಿ ಎಡಗಡೆ ಒಂದು ಬಸ್ಸು ತೆವಳಿಕೊಂಡು ಬಂದು ನಮ್ಮ ಪಕ್ಕಕ್ಕೇ ನಿಂತಿತು. ಕಿಟಕಿಯಲ್ಲಿ ನನ್ನಾಕೆ. ಪಕ್ಕದವಳ ಡಬ್ಬಿಯಿಂದ ಅವಲಕ್ಕಿ ತಿನ್ನುತ್ತ, ಏನೋ ಹೇಳಿ ಜೋರಾಗಿ ನಗುತ್ತಿದ್ದಳು. ಎಸಿ ಹಾಕಿದ ನಮ್ಮ ಕಾರಿನಲ್ಲಿ ಆಗ ನಡೆಯುತ್ತಿದ್ದದ್ದು ಪೆಟ್ರೋಲಿನ ರೇಟಿನ ಮಾತು.

ರಾಯರು ಒಂದು ನಿಮಿಷ ಬಸ್ಸನ್ನೇ ನೋಡಿದರು. "ಹಿಂದುಗಡೆ ಸೀಟು ಖಾಲಿ ಇದ್ದಂಗಿದೆ ಕಣ್ರೀ" ಅಂದವರೇ ಬೆಲ್ಟ್ ಬಿಚ್ಚಿ, ಕೊಡೆ ತಗೊಂಡು ಇಳಿದುಬಿಟ್ಟರು. ಬಸ್ಸಿನ ಬಾಗಿಲು ತಟ್ಟಿದ್ದು ಕೇಳಿಸಿತು. ಮುಂದಿನ ಸೀಟಿನಲ್ಲಿ ಅವರ ಪೇಪರು ಮಾತ್ರ ಉಳಿಯಿತು, ಅದು ತಲೆ ಲೆಕ್ಕಕ್ಕೆ ಬರುವುದಿಲ್ಲ.

ರಾತ್ರಿ ಪೇಪರು ಕೊಡಲು ಹೋದೆ. ರಾಯರು ಟಿಕೆಟ್ಟಿನ ಹಿಂಬದಿ ತಿರುಗಿಸಿ ನನ್ನ ಕಣ್ಣ ಹತ್ತಿರ ಹಿಡಿದರು. ಕಂಡಕ್ಟರ್ ಬಾಲ್‌ಪೆನ್ನಿನಲ್ಲಿ 4 ಅಂತ ಬರೆದು ಸೊನ್ನೆ ಸುತ್ತಿದ್ದ.

"ಚಿಲ್ಲರೆ ಬಾಕಿ. ಇಳಿಯೋ ಗಡಿಬಿಡೀಲಿ ಮರೆತೆ. ನಾಳೆ ನನ್ನ ಕಾಯಬೇಡಿ, ಅದೇ ಬಸ್ಸು ಹಿಡೀಬೇಕು."