ಫೋಟೋ ಮುಗಿಯಿತು, ಗಿಡ ವಾಪಸ್ ಕೊಡಿ

ಜೂನ್ 5ರ ಪರಿಸರ ದಿನ ಹತ್ತಿರ ಬಂತೆಂದರೆ ಬೆಂಗಳೂರಿನ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಕೋಲಿಗೆ ಸುಗ್ಗಿ. ಮರ ಉಳಿಸಿ ಎಂದು ಮಕ್ಕಳಿಗೆ ಕಲಿಸಬೇಕಲ್ಲ, ಅದಕ್ಕೆ ಮೊದಲು ಮಣ್ಣಿನಲ್ಲಿ ಎಂದೂ ಕರಗದ ಮರವೊಂದು ತಯಾರಾಗಬೇಕು. ಥರ್ಮಕೋಲಿನ ಕಾಂಡ, ಬಣ್ಣದ ಕಾಗದದ ಎಲೆ, ಬೇರಿನ ಜಾಗಕ್ಕೆ ಹಳೇ ಸ್ವೆಟರಿನ ಉಲ್ಲನ್ ದಾರ. ಕತ್ತರಿಸುವವನು ಅಪ್ಪ, ಅಂಟಿಸುವವಳು ಅಮ್ಮ. ಸ್ಕೂಲ್ ವ್ಯಾನಿನಲ್ಲಿ ಮುರಿಯದಂತೆ ಹಿಡಿದು ಕೂರುವ ಹೊಣೆಯಷ್ಟೇ ಮಗುವಿನದು. ಇದಕ್ಕೆ ಚಟುವಟಿಕೆ ಆಧಾರಿತ ಕಲಿಕೆ ಎಂದು ಹೆಸರು. ಚಟುವಟಿಕೆ ಯಾರದು ಎಂಬುದನ್ನು ಪಠ್ಯಕ್ರಮ ಜಾಣತನದಿಂದ ಹೇಳದೆ ಬಿಟ್ಟಿದೆ.

ಆ ದಿನ ಎಲ್ಲರೂ ಹಸಿರು ಅಂಗಿ ತೊಟ್ಟು ಬರಬೇಕು. ಮನೆಯಲ್ಲಿ ಹಸಿರು ಅಂಗಿ ಇಲ್ಲದವರು ಹಿಂದಿನ ರಾತ್ರಿ ಮೊಬೈಲಿನಲ್ಲಿ ತರಿಸುತ್ತಾರೆ, ಅದು ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಭದ್ರವಾಗಿ ಬರುತ್ತದೆ. ವೇದಿಕೆಯ ಮೇಲೆ ಒಬ್ಬ ಕ್ಯಾರೆಟ್, ಒಬ್ಬಳು ಬ್ರೊಕೋಲಿ. ತನ್ನ ಮಗ ಹೀರೇಕಾಯಿಯಾಗಲು ಯಾವ ತಾಯಿಯೂ ಒಪ್ಪುವುದಿಲ್ಲ. ಆಮೇಲೆ ಮುಖ್ಯ ಅತಿಥಿಗಳಿಂದ ಗಿಡ ನೆಡುವ ಕಾರ್ಯಕ್ರಮ. ಅಂಗಳಕ್ಕೆಲ್ಲ ಪೇವರ್ ಬ್ಲಾಕ್ ಹಾಸಿಯಾಗಿದ್ದರೂ ಸಂಪ್ರದಾಯ ನಡೆಯಬೇಕೆಂದು ಕಾಂಪೌಂಡಿನ ಮೂಲೆಯಲ್ಲಿ ಒಂದು ಗುಂಡಿ ಉಳಿಸಿಕೊಂಡಿರುತ್ತಾರೆ. ಹೋದ ವರ್ಷದ ಗಿಡ ನೆಟ್ಟದ್ದೂ ಅದರಲ್ಲೇ, ಅದರ ಹಿಂದಿನ ವರ್ಷದ್ದೂ ಅದರಲ್ಲೇ. ಜೂನಿನಲ್ಲಿ ನೆಟ್ಟ ಗಿಡ ಮಳೆಗಾಲವನ್ನು ಹೇಗೋ ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ಅಜ್ಜಿ ಊರಿಗೆ ಹೋಗುತ್ತಾರೆ, ಗಿಡಕ್ಕೆ ಮಾತ್ರ ಅಜ್ಜಿ ಊರಿಲ್ಲ. ಹೀಗಾಗಿ ಜೂನಿನ ಹೊತ್ತಿಗೆ ಗುಂಡಿ ಮತ್ತೆ ಖಾಲಿ, ಅತಿಥಿಗಳು ಮತ್ತೆ ಸಿದ್ಧ.

ನರ್ಸರಿಯಿಂದ ತಂದ ಸಸಿಗಳು ನಾಲ್ಕೈದು, ಮಕ್ಕಳು ನಾಲ್ಕೈದು ನೂರು. ಸಸಿ ಕೈಯಿಂದ ಕೈಗೆ ದಾಟುತ್ತದೆ. ಹಿಡಿ, ನಗು, ಕ್ಲಿಕ್, ಮುಂದಿನವರು ಬನ್ನಿ. ಗಿಡವೊಂದನ್ನು ನಾಲ್ಕು ಸೆಕೆಂಡು ಹಿಡಿದ ಪುಣ್ಯ ಮಗುವಿಗೆ, ಫೋಟೋ ಶಾಲೆಯ ಬ್ರೋಷರಿಗೆ.

ಆದೇಶಗಳಿಗೇನೂ ಬರವಿಲ್ಲ. 1950ರಲ್ಲಿ ಕೇಂದ್ರ ಸಚಿವ ಕೆ.ಎಂ. ಮುನ್ಶಿಯವರು ವನಮಹೋತ್ಸವ ಶುರು ಮಾಡಿದರು. ಅಂದಿನಿಂದ ಪ್ರತಿ ಜುಲೈನಲ್ಲಿ ನೆಟ್ಟದ್ದೆಲ್ಲ ಬದುಕಿದ್ದರೆ ನಮ್ಮ ಮಕ್ಕಳು ಶಾಲೆಗೆ ಆನೆಯ ಮೇಲೆ ಹೋಗಬೇಕಾಗುತ್ತಿತ್ತು. ಪರಿಸರವನ್ನು ಪಾಠವಾಗಿ ಕಲಿಸಿ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ನಾವು ವಿಧೇಯ ಜನ, ಅಕ್ಷರಶಃ ಪಾಠವನ್ನಾಗಿಯೇ ಮಾಡಿಬಿಟ್ಟೆವು: ಪುಟ 34, ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗು ಬೇಡ ಎಂದಿದೆ. ಸರಿ, ಬ್ಯಾಗಿಲ್ಲದ ದಿನಕ್ಕೆಂದೇ ಒಂದು ವರ್ಕ್‌ಬುಕ್ ತಂದರಾಯಿತು.

ಮೂರನೇ ಕ್ಲಾಸಿನ ಬೀಜದ ಪ್ರಯೋಗದ್ದು ಇನ್ನೊಂದು ಕಥೆ. ಕಡ್ಡಿಯೊಂದಕ್ಕೆ ಮೇಲೆ, ನಡುವೆ, ಕೆಳಗೆ ಎಂದು ಮೂರು ಬೀನ್ಸ್ ಬೀಜ ಕಟ್ಟಿ ಲೋಟದಲ್ಲಿ ನಿಲ್ಲಿಸಿ, ನಡುವಿನ ಬೀಜ ಅರ್ಧ ಮುಳುಗುವಷ್ಟು ನೀರು ಹಾಕಬೇಕು. ಮೇಲಿನದಕ್ಕೆ ಗಾಳಿಯಿದೆ, ನೀರಿಲ್ಲ. ತಳದ್ದಕ್ಕೆ ನೀರಿದೆ, ಗಾಳಿ ಸಾಲದು. ಎರಡೂ ಸಿಗುವ ನಡುವಿನ ಬೀಜವೊಂದೇ ಚೆನ್ನಾಗಿ ಮೊಳೆಯುತ್ತದೆ. ಮೂರರಲ್ಲಿ ಎರಡು ಸೋಲುವುದರಲ್ಲೇ ಪಾಠವಿರುವ ಅಪರೂಪದ ಪ್ರಯೋಗ ಇದು. ಸೋಲು ಎಂದರೆ ನಮ್ಮ ತಂದೆತಾಯಿಗಳಿಗೆ ಆಗಿಬರುತ್ತದೆಯೇ? ನಾಲ್ಕನೇ ದಿನ ರಾತ್ರಿ ವಾಟ್ಸ್ಯಾಪ್ ಗುಂಪಿನಲ್ಲಿ ಗಾಬರಿ ಶುರು. ‘ನಮ್ಮದರಲ್ಲಿ ಎರಡು ಬಂದೇ ಇಲ್ಲ, ನಿಮ್ಮದರಲ್ಲಿ?’ ‘ನಮ್ಮದೂ ಅಷ್ಟೇ ರೀ, ಕೆಳಗಿನದು ವಾಸನೆ ಬೇರೆ ಬರ್ತಿದೆ.’ ‘ನಾಳೆ ಸಬ್ಮಿಟ್ ಮಾಡ್ಬೇಕಲ್ರೀ!’ ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಮೊಳಕೆಕಾಳಿನ ಪೊಟ್ಟಣ ಬರುತ್ತದೆ.

ಮಾರನೆಯ ದಿನ ಕಿಟಕಿಯ ಮೇಲೆ ಸಾಲಾಗಿ ಲೋಟಗಳು. ಎಲ್ಲ ಲೋಟಗಳಲ್ಲೂ ಮೂರಕ್ಕೆ ಮೂರೂ ಮೊಳೆತಿವೆ, ನೀರನ್ನೇ ಮುಟ್ಟದೆ ಗಾಳಿಯಲ್ಲಿ ನೇತಾಡುವ ಬೀಜವೂ ಸೇರಿ. ಬೀನ್ಸ್ ಬೀಜ ರಾತ್ರೋರಾತ್ರಿ ಕಾಬೂಲ್ ಕಡಲೆಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರಿಗೂ ಹತ್ತಕ್ಕೆ ಹತ್ತು. ಅಪ್ಪ ಅಮ್ಮ ಇಬ್ಬರಿಗೂ ಪುರುಸೊತ್ತಿಲ್ಲದ ಒಂದು ಮಗು ಮಾತ್ರ ಕೊಳೆತ ಬೀಜದ ಲೋಟವನ್ನೇ ಹಿಡಿದು ಬಂದು ಡೈರಿಯಲ್ಲಿ ಬರೆಸಿಕೊಂಡು ಹೋಗುತ್ತದೆ: ‘ಇಂಪ್ರೂವ್‌ಮೆಂಟ್ ಬೇಕು.’ ಇಡೀ ಕ್ಲಾಸಿನಲ್ಲಿ ಪ್ರಯೋಗ ಮಾಡಿದ್ದು ಅದೊಂದೇ.

ಇನ್ನು ಹೊರಾಂಗಣ ಕಲಿಕೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆಯಲು ಕೊಡುತ್ತೇವೆ, ಕೈ ನಿಜವಾಗಿ ಕೆಸರಾದರೆ ಸ್ಯಾನಿಟೈಸರ್ ಕೊಡುತ್ತೇವೆ. ಹಾಗಾಗಿ ಕೆಸರನ್ನೂ ದುಡ್ಡು ಕೊಟ್ಟು, ಊರಾಚೆ, ಸುರಕ್ಷಿತವಾಗಿ ಮುಟ್ಟಿಸಬೇಕು. ಎಸಿ ಬಸ್ಸು ಕನಕಪುರ ರಸ್ತೆಯ ಯಾವುದೋ ತೋಟದ ಮುಂದೆ ನಿಲ್ಲುತ್ತದೆ. ಮಕ್ಕಳು ಗಂಬೂಟು ಹಾಕಿಕೊಂಡು ಸಾಲಾಗಿ ಬಂದು ತಲೆಗೊಂದು ರಾಗಿ ಪೈರು ಊರುತ್ತಾರೆ. ಸಂಜೆ ಅದನ್ನೇ ಕಿತ್ತು ನಾಳೆಯ ತಂಡಕ್ಕೆ ಎತ್ತಿಡದಿದ್ದರೆ ಪುಣ್ಯ. ಊಟಕ್ಕೆ ಪಾಸ್ತಾ. ರಾಗಿ ಮುದ್ದೆ ಮಕ್ಕಳಿಗೆ ಸೇರುವುದಿಲ್ಲವಂತೆ.

ಅದೇ ಹೊತ್ತಿನಲ್ಲಿ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳು ಹಿತ್ತಲಲ್ಲಿ ನುಗ್ಗೆಗೂ ಬಸಳೆಗೂ ನೀರು ಹಾಕುತ್ತಿರುತ್ತಾರೆ. ಆ ಸೊಪ್ಪು ಬಿಸಿಯೂಟದ ಸಾರಿಗೆ ಹೋಗುತ್ತದೆ. ಎಲೆಗೆ ಹುಳ ಹತ್ತಿದರೆ ಮಕ್ಕಳಿಗೇ ಮೊದಲು ಗೊತ್ತಾಗುತ್ತದೆ. ದುಬಾರಿ ಶಾಲೆಗಳು ಬ್ರೋಷರಿನಲ್ಲಿ ಹೊಗಳಿಕೊಳ್ಳುವ ಕಲಿಕೆ ಇಲ್ಲಿ ಪುಕ್ಕಟೆಯಾಗಿ ನಡೆಯುತ್ತಿದೆ. ಆದರೆ ಈ ಮಕ್ಕಳ ಅಪ್ಪಂದಿರಿಗೆ ಸಿಟ್ಟು: ‘ಗುದ್ದಲಿ ಹಿಡಿಯೋಕೆ ಸ್ಕೂಲಿಗೆ ಕಳ್ಸಿದ್ದಾ ಮೇಷ್ಟ್ರೇ? ಅದನ್ನ ನಾವೇ ಕಲಿಸ್ತಿರ್ಲಿಲ್ವಾ?’ ತಲೆತಲಾಂತರದಿಂದ ಮಣ್ಣು ಹೊತ್ತವರ ಮಾತು, ತಪ್ಪೆನ್ನಲಾಗದು. ಅವರು ಸಾಲ ಮಾಡಿ ಮಗನನ್ನು ಕಾನ್ವೆಂಟಿಗೆ ಸೇರಿಸುತ್ತಾರೆ. ಆ ಕಾನ್ವೆಂಟು ಮರುವರ್ಷ ಅವನನ್ನು ಫೀಸು ಕಟ್ಟಿಸಿಕೊಂಡು ಪೈರು ನೆಡಲು ಕರೆದುಕೊಂಡು ಹೋಗುತ್ತದೆ.

ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕಟ್ಟಿಕೊಂಡು ಹೋಗಿ ಗಿಡ ತೋರಿಸಿದವರು. ಆ ಅಲೆದಾಟದಿಂದ ಹುಟ್ಟಿದ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಮೇಷ್ಟ್ರು ನಗಿಸುತ್ತಲೇ ಪಾಠ ಹೇಳಬಹುದು ಎಂಬುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇವತ್ತು ಸ್ವಾಮಿಯವರು ಶಾಲೆಯ ಮಕ್ಕಳೊಂದಿಗೆ ಹೊರಟರೆ ಪೋಷಕರ ಒಪ್ಪಿಗೆ ಪತ್ರ, ವಿಮೆಯ ಕಾಗದ, ಅಲರ್ಜಿ ಪಟ್ಟಿ ಇವೆಲ್ಲ ಕೈಸೇರುವ ಹೊತ್ತಿಗೆ ಹೂ ಬಿಡುವ ಕಾಲ ಮುಗಿದಿರುತ್ತದೆ.

ಕಾಡಿನ ಮಾತು ಹಾಗಿರಲಿ, ಶಾಲೆಯ ಗೇಟಿನ ಮುಂದೆಯೇ ಹೊಂಗೆ ಮರವಿದೆ. ಯುಗಾದಿಯ ಆಸುಪಾಸಿನಲ್ಲಿ ಎಲೆಯೆಲ್ಲ ಉದುರಿಸಿ ಮಿರಮಿರ ಮಿಂಚುವ ಚಿಗುರು ಹೊತ್ತು, ಅದರ ಬೆನ್ನಿಗೇ ಹೂ ಬಿಟ್ಟು ಜೇನುಹುಳುಗಳನ್ನು ಕರೆಯುತ್ತದೆ. ಅಷ್ಟು ಹೊತ್ತಿಗೆ ನಮ್ಮಲ್ಲಿ ವಾರ್ಷಿಕ ಪರೀಕ್ಷೆ. ಮಕ್ಕಳು ಒಳಗೆ ಕುಳಿತು ‘ಪರಾಗಸ್ಪರ್ಶ ಎಂದರೇನು?’ ಎಂಬ ಪ್ರಶ್ನೆಗೆ ಉತ್ತರ ಬರೆಯುತ್ತಿರುತ್ತಾರೆ, ಹೊರಗೆ ಜೇನುಹುಳು ಅದೇ ಉತ್ತರವನ್ನು ಬರೆಯುತ್ತಿರುತ್ತದೆ. ಪರೀಕ್ಷೆ ಮುಗಿದು ಬಾಗಿಲು ತೆರೆಯುವಷ್ಟರಲ್ಲಿ ಉದುರಿದ ಹೂವನ್ನು ಆಯಾ ಗುಡಿಸಿ ಹಾಕಿರುತ್ತಾಳೆ. ಕಸವೆಂದು ದೂರು ಬಂದಿತ್ತಂತೆ.

ಆದ್ದರಿಂದ ಸ್ವಾಮಿ, ಅಮ್ಮಾ, ನಿಮ್ಮಲ್ಲೊಂದು ಅರಿಕೆ. ಈ ಸಲ ಮಗುವಿನ ಲೋಟಕ್ಕೆ ನೀವು ಕೈ ಹಾಕಬೇಡಿ. ಬೀಜ ಕೊಳೆತರೆ ಕೊಳೆಯಲಿ, ಮನೆಯೆಲ್ಲ ನಾಲ್ಕು ದಿನ ನಾರಲಿ, ಅಂಕ ಎರಡೇ ಬರಲಿ. ಪೊಟ್ಟಣದ ಮೊಳಕೆಕಾಳು ತರಿಸಿಯೇಬಿಟ್ಟಿದ್ದರೆ ಒಂದಿಷ್ಟು ಉಪ್ಪು ಹಾಕಿ, ನಿಂಬೆಹುಳಿ ಹಿಂಡಿ, ಕೊತ್ತಂಬರಿ ಉದುರಿಸಿ ನೀವೇ ತಿಂದುಬಿಡಿ.