ಕೈಗೆ ಕೊಟ್ಟು ಕೈಬಿಡುವ ಕಾರು

ಹನೂರು ಬಸ್ ನಿಲ್ದಾಣ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಬಸ್ಸಿನ ಡ್ರೈವರ್ ಟೀ ಕುಡಿಯಲು ಇಳಿದಿದ್ದರು. ಆ ಬಿಡುವಿನಲ್ಲಿ ಅವರ ಸ್ಟೇರಿಂಗ್ ಮಾತಿಗೆ ಸಿಕ್ಕಿತು.

ವಿಪ್ರೊ, ಐಐಎಸ್‌ಸಿ, ಆರ್.ವಿ. ಎಂಜಿನಿಯರಿಂಗ್ ಕಾಲೇಜಿನವರು ಸೇರಿ 2025ರಲ್ಲಿ ಬೆಂಗಳೂರಲ್ಲಿ ಡ್ರೈವರಿಲ್ಲದ ಕಾರು ತೋರಿಸಿದರು. ನಿಮಗೆ ಕುತ್ತು ಬಂತಲ್ಲ?

– ಕಾಲೇಜು ಕಾಂಪೌಂಡ್ ಒಳಗ ಓಡುಸುದ್ರಂತ, ಕೇಳಿವ್ನಿ. ಸಂತೋಸ ಕನ ಸಾ. ತಾಳಬೆಟ್ಟ ದಾಟುದ್ಮೇಲ ಏನ್ ಮಾಡ್ತದ? ಶಿವರಾತ್ರೀಲಿ ರಸ್ತ ತುಂಬ ಪರ್ಸ ನಡ್ಕಂಡು ಹೋಯ್ತದ. ಬಾಕಿ ದಿನ ತಿರುವಲ್ಲಿ ಆನ ನಿಂತಿರ್ತದ.

ತಾವೇ ಓಡಿ, ಕಷ್ಟ ಬಂದಾಗ ಮಾತ್ರ ಡ್ರೈವರನ್ನು ಕರೆಯುವ ಕಾರುಗಳಿವೆ. ಸ್ವಯಂಚಾಲನೆಯ ಮೂರನೇ ಹಂತದವು ಅನ್ನುತ್ತಾರೆ. ಮರ್ಸಿಡಿಸ್‌ನವರದು 10 ಸೆಕೆಂಡ್ ಕಾಲಾವಕಾಶವನ್ನೂ ಕೊಡುತ್ತದೆ.

– ಚೆಂದಾಗದ! ನೆಟ್ಟಗಿರೋ ರಸ್ತ ಅದಕ್ಕ, ಘಾಟಿ ಇವ್ನಿಗ. ಓಡ್ಸೋದ ಮರೆಸ್ಬುಟ್ಟು, ಕೊರಕಲ್ ಅಂಚಲ್ಲಿ ಎಬ್ಬುಸುದ್ರ ಹತ್ತು ಸೆಕೆಂಡಲ್ಲಿ ಚಪ್ಲಿನೂ ಸಿಕ್ಕಕಿಲ್ಲ.

ಹಾಗಾದರೆ ಎರಡನೇ ಹಂತ ವಾಸಿಯೇ? ಅದರಲ್ಲೂ ಸ್ಟೇರಿಂಗ್ ತಿರುಗಿಸುವುದು ಕಾರೇ, ಆದರೆ ಡ್ರೈವರ್ ರಸ್ತೆಯಿಂದ ಕಣ್ಣು ಕೀಳುವಂತಿಲ್ಲ.

– ಕೆಲ್ಸ ಕೊಡ್ದೆ ಬರೀ ಕಾಯ್ತಾ ಕೂತ್ಕ ಅಂದ್ರ, ತೂಕಡುಸ್ದೆ ಇನ್ನೇನ್ ಮಾಡಾನು?

(ಸ್ಟೇರಿಂಗ್ ಓದಿದ್ದಲ್ಲ, ಆದರೂ ಸರಿಯಾಗಿಯೇ ಹೇಳಿತು. ಯುದ್ಧಕಾಲದ ರೇಡಾರ್ ಕಾವಲುಗಾರರ ಸಲುವಾಗಿ ಪ್ರಯೋಗ ನಡೆಸಿದ ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್, ಸುಮ್ಮನೆ ದಿಟ್ಟಿಸುವವರ ಗಮನ ಅರ್ಧ ಗಂಟೆಯಲ್ಲೇ ಕುಸಿಯುತ್ತದೆಂದು 1948ರಲ್ಲಿ ಪ್ರಕಟಿಸಿದ್ದ. ಕಾರು ಮಾಡುವವರಿಗೆ ಈ ಸುದ್ದಿ ಇನ್ನೂ ದಾರಿಯಲ್ಲಿದೆ.)

ಡ್ರೈವರ್ ಬಗ್ಗೆ ನಿಮಗೇನು ಗೊತ್ತು?

– ನಂಗ ಅಂಗೈ ಗೊತ್ತು ಸಾ. ಹೊಟ್ಟ ಹಸ್ದಿದ್ರ ನಡುಗ್ತದ. ಮನೇಲಿ ಜಗಳ ಆಡಿ ಬಂದಿದ್ರ ಸುಮ್ಸುಮ್ನೆ ಬಿಗಿ. ಡಬಲ್ ಡ್ಯೂಟಿ ಮಾಡಿದ್ರ ಸಡ್ಲ, ಹಿಡ್ಕಂಡವ್ನಾ ಬುಟ್ಟವ್ನಾ ತಿಳಿಯಕಿಲ್ಲ. ಲಾಡು ಪ್ರಸಾದ ತಿಂದ್ ಬಂದಿದ್ರ ಜಿಗಟು. ಅದೊಂದೇ ನಂಗ ಬೇಜಾರು.

ಈಗಿನ ಕೆಲವು ಕಾರುಗಳೂ ಸ್ಟೇರಿಂಗ್ ಅಲುಗಾಟದಿಂದಲೇ ದಣಿವು ಹಿಡಿಯುತ್ತವೆ. ಆಮೇಲೆ ಮೀಟರ್ ಪಕ್ಕ ಕಾಫಿ ಲೋಟದ ಚಿತ್ರ ತೋರಿಸುತ್ತವೆ.

– ಚಿತ್ರ ಕುಡುದ್ರ ನಿದ್ದ ಹೋದದಾ? ಅಷ್ಟು ಬುದ್ವಂತ ಗಾಡಿ ಆದ್ರ ಕೌದಳ್ಳೀಲಿ ತಾನೇ ನಿಂತ್ಕಂಡು, ‘ಇಳಿಯಣ್ಣ, ಮೊಕ ತೊಳ್ಕ, ಅರ್ಧ ಗಂಟ ಮಲಿಕ್ಕ’ ಅನ್ಲಿ. ಲೇಟಾದ್ರ ಮೆಮೊ ಬರ್ದಂಗೂ ನೋಡ್ಕಳ್ಲಿ.

ಬೆಟ್ಟದ ಮಾದಪ್ಪನ ಹುಲಿವಾಹನಕ್ಕೂ ಸ್ಟೇರಿಂಗ್ ಇರಲಿಲ್ಲ. ಆಗ ಯಾರೂ ತಕರಾರು ತೆಗೆಯಲಿಲ್ಲವಲ್ಲ?

– ಆ ಹುಲಿ ಯಾವತ್ತಾದ್ರೂ ನಡುದಾರೀಲಿ ನಿಂತು, ‘ಮುಂದ ತಿರುವದ, ಇನ್ ನೀನೇ ನೋಡ್ಕ ಮಾದಪ್ಪ’ ಅಂದದ್ದ ಕೇಳಿದ್ದೀರಾ ಸಾ?